ಚಿಪ್ಪು ಬಿಡದ ಗುಂಡು

ಮಗನೇ, ಕೊಲರಾಡೋದ ಎರಡನೇ ರೈಫಲ್ ಸೀಸನ್ನಿಗೆ ನಿನಗೆ ಎಲ್ಕ್ ಟ್ಯಾಗೂ ಮ್ಯೂಲ್ ಡಿಯರ್ ಟ್ಯಾಗೂ ಸಿಕ್ಕಿದವೆಂದು ಕೇಳಿ ಖುಷಿಯಾಯಿತು. ಕೋವಿ ಮಾತ್ರ ಒಂದೇ, ಥರ್ಟಿ-ಓ-ಸಿಕ್ಸ್. ಒಂದು ಪ್ರಾಣಿ ನೂರು ಕಿಲೋ ಮುಟ್ಟಿದರೆ ಹೆಚ್ಚು, ಇನ್ನೊಂದು ಮುನ್ನೂರು ಕಿಲೋ ತೂಗುವಂಥದ್ದು. ಎರಡಕ್ಕೂ ಒಂದೇ ತೋಟೆ ಆದೀತೇ ಎಂದು ಕೇಳಿದ್ದೀಯ. ಆಗುತ್ತದೆ. ಆದರೆ ಯಾಕೆ ಆಗುತ್ತದೆ ಎಂಬುದು ತಿಳಿದಿದ್ದರೆ ಕಾಡಿನಲ್ಲಿ ನಿನ್ನ ಕೈ ತಡವರಿಸುವುದಿಲ್ಲ.

ಊರಲ್ಲಿ ಬೇಟೆ ಅಪರಾಧ, ಹಾಗಾಗಿ ನೀನು ಗುರಿ ಕಲಿತದ್ದೆಲ್ಲ ಕೈಲ್‌ಪೊಳ್ದಿನ ಹಬ್ಬದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಯ ಮೇಲೆ. ಆ ಕಾಯನ್ನೇ ನೆನಪಿಸಿಕೋ. ಹಸಿಕಾಯಿ ಒಡೆದರೆ ತಿರುಳು ಚಿಪ್ಪನ್ನು ಬಿಡುವುದಿಲ್ಲ. ಒಣಗಿ ಗಿಟುಕಾದ ಮೇಲೆ ಒಳಗೆ ಕಳಚಿಕೊಂಡು ಲೊಟಲೊಟ ಅನ್ನುತ್ತದೆ, ಒಡೆದ ಕೂಡಲೇ ಚಿಪ್ಪು ಒಂದು ಕಡೆ, ಕೊಬ್ಬರಿ ಒಂದು ಕಡೆ. ಸಾಮಾನ್ಯ ಬೇಟೆಗುಂಡು ಗಿಟುಕಿನ ಹಾಗೆ: ತಾಮ್ರದ ಹೊದಿಕೆಯೊಳಗೆ ಸೀಸವನ್ನು ಒತ್ತಿ ಕೂರಿಸಿರುತ್ತಾರೆ, ಅಷ್ಟೇ. ಬಾಂಡೆಡ್ ಗುಂಡಿನಲ್ಲಿ ಆ ಸೀಸ ತಾಮ್ರಕ್ಕೆ ಬೆಸೆದುಕೊಂಡಿರುತ್ತದೆ, ಹಸಿಕಾಯಿಯ ಹಾಗೆ.

ನನ್ನ ಮೇಜಿನ ಖಾನೆಯಲ್ಲಿ ಒಂದು ಹಳೆಯ ನಶ್ಯದ ಡಬ್ಬಿ ಇದೆ. ಅದರಲ್ಲಿ ತಾಮ್ರದ ಸಿಪ್ಪೆಯೊಂದಿದೆ, ಉಗುರಿನಷ್ಟು ಅಗಲ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಹಿಂದಕ್ಕೆ ಮಡಚಿಕೊಂಡಿದೆ, ಒಳಗೆ ಸೀಸದ ಚೂರೂ ಇಲ್ಲ. ನಾನು ಅಮೆರಿಕಕ್ಕೆ ಬಂದ ಹೊಸತು. ತ್ರೀ ಹಂಡ್ರೆಡ್ ವಿನ್ ಮ್ಯಾಗ್ ಕೋವಿಗೆ ಜಿಂಕೆಯ ತೋಟೆಯನ್ನೇ ತುಂಬಿ ಹೋಗಿದ್ದೆ. ಎಪ್ಪತ್ತು ಗಜದಲ್ಲಿ ಎದುರಾದ ಗಂಡು ಎಲ್ಕ್‌ನ ಹೆಗಲಿಗೆ ಈಡು ಬಿತ್ತು. ಅಷ್ಟು ಹತ್ತಿರದಲ್ಲಿ ಆ ಕೋವಿಯ ವೇಗಕ್ಕೆ ಗುಂಡು ಮೂಳೆಯ ಮೇಲೇ ಚೂರಾಯಿತು, ಶ್ವಾಸಕೋಶದವರೆಗೆ ಹೋಗಲಿಲ್ಲ. ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ನಡೆದೆ. ಪ್ರಾಣಿ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಮೂಳೆಯ ಸುತ್ತಲ ಮಾಂಸ ಹಳಸಿಹೋಗಿತ್ತು. ಆ ರಾತ್ರಿಯಿಡೀ ಅದು ಪಟ್ಟ ಪಾಡು ನನ್ನ ತಪ್ಪಿನಿಂದ. ನಿನಗೆ ಹಾಗಾಗಬಾರದು ಎಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮುಂದೆ ಗುಂಡಿನ ಕಂಪನಿ ಕಟ್ಟಿದ ಜಾನ್ ನಾಸ್ಲರ್‌ಗೂ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎದುರು ಇಂಥದ್ದೇ ಆಯಿತು. ವೇಗದ ಗುಂಡುಗಳು ಒಳಗಿಳಿಯಲಿಲ್ಲ. ಊರಿಗೆ ಮರಳಿ ಆತ ಮಾಡಿದ್ದು ಪಾರ್ಟಿಷನ್ ಗುಂಡು, ಬಿದಿರಿನ ಗಿಣ್ಣಿನ ಹಾಗೆ ನಡುವೆ ತಾಮ್ರದ ಅಡ್ಡಗೋಡೆ. ಮುಂದಿನ ಸೀಸ ಉದುರಿದರೂ ಹಿಂದಿನದು ಗಟ್ಟಿಯಾಗಿ ನುಗ್ಗುತ್ತದೆ. ಅದು ಬೆಸೆದ ಗುಂಡಲ್ಲ. ಅಡ್ಡಗೋಡೆಯೂ ಬೆಸುಗೆಯೂ ಎರಡೂ ಇರುವುದು ಸ್ವಿಫ್ಟ್ ಎ-ಫ್ರೇಮ್‌ನಲ್ಲಿ. ಮೂಳೆ ಮುರಿದ ಮೇಲೂ ಅದರ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಉಳಿಯುತ್ತದೆ. ನಾಳೆ ನೀನು ಮೂಸ್‌ಗೆ ಹೋಗುವುದಾದರೆ ಅದನ್ನೇ ಕೊಡಿಸುತ್ತೇನೆ.

ಈ ಸಲಕ್ಕೆ ನನ್ನ ಆಯ್ಕೆ ನಾಸ್ಲರ್‌ನವರದೇ ಬೆಸೆದ ಗುಂಡು ಆಕ್ಯುಬಾಂಡ್, 180 ಗ್ರೇನ್. ಬಿಳಿ ಪ್ಲಾಸ್ಟಿಕ್ ಮೊನೆ ನೋಡಿದರೆ ಗುರುತು ಸಿಗುತ್ತದೆ. ನನ್ನ ಡಬ್ಬಿಯಲ್ಲಿ ಅದರದ್ದೂ ಒಂದಿದೆ, ಎಲ್ಕ್‌ನ ಆಚೆ ಮಗ್ಗುಲಿನ ತೊಗಲಿಗೆ ಅಂಟಿ ನಿಂತಿದ್ದು. ಅಣಬೆಯ ಹಾಗೆ ಅರಳಿದೆ, ಸೀಸ ತಾಮ್ರವನ್ನು ಬಿಟ್ಟಿಲ್ಲ. ತೂಗಿದರೆ 122 ಗ್ರೇನ್, ಮೂರರಲ್ಲಿ ಎರಡು ಪಾಲು. ಪೂರ್ತಿ ತೂಕ ಉಳಿಯಲಿಲ್ಲವಲ್ಲ ಎಂದು ಕೊರಗಬೇಡ. ಮೊದಲಲ್ಲಿ ಒಂದಿಷ್ಟು ಉದುರುವುದರಿಂದಲೇ ಅದು ಜಿಂಕೆಯ ತೆಳು ಪಕ್ಕೆಯಲ್ಲೂ ಬೇಗ ಅರಳುತ್ತದೆ. ತೀರಾ ಗಡುಸಾದ ಗುಂಡು ದೂರದ ಜಿಂಕೆಯಲ್ಲಿ ಸೂಜಿ ಹೊಕ್ಕ ಹಾಗೆ ಹೊಕ್ಕು ಹೊರಟುಬಿಡುತ್ತದೆ. ಬರೀ ಜಿಂಕೆಗಾದರೆ ಇಷ್ಟು ದುಡ್ಡು ಸುರಿಯಬೇಕಿಲ್ಲ, ಅಂಗಡಿಯ ಸಾದಾ ತೋಟೆ ಧಾರಾಳ ಸಾಕು.

ದೂರದ ಮಾತು ಬಂತಲ್ಲ, ಇದನ್ನು ಗಮನವಿಟ್ಟು ಕೇಳು. ಆಕ್ಯುಬಾಂಡ್ ಅರಳಲು ಸೆಕೆಂಡಿಗೆ 1800 ಅಡಿ ವೇಗವಾದರೂ ಬೇಕು. ನಿನ್ನ ಕೋವಿಯ ಬಾಯಿ ಬಿಡುವಾಗ ಸುಮಾರು 2700 ಇರುತ್ತದೆ, 400 ಗಜ ಹೋಗುವಷ್ಟರಲ್ಲಿ 2000ದ ಆಸುಪಾಸಿಗೆ ಇಳಿದಿರುತ್ತದೆ. ಲೆಕ್ಕದಲ್ಲಿ ಇನ್ನೂ ದೂರ ಹೊಡೆಯಬಹುದು. ನೀನು ಮಾತ್ರ 300 ಗಜಕ್ಕೆ ನಿಲ್ಲಿಸು. ಎಂಥ ಬೆಸುಗೆಯೂ ಹೊಟ್ಟೆಗೆ ಬಿದ್ದ ಈಡನ್ನು ಶ್ವಾಸಕೋಶಕ್ಕೆ ತಿರುಗಿಸುವುದಿಲ್ಲ.

ಮನೆಯಲ್ಲಿ ಮಗು ಇದೆ, ಹಾಗಾಗಿ ಇನ್ನೊಂದು ಮಾತು. ಬೆಸೆದ ಗುಂಡು ಮಾಂಸದಲ್ಲಿ ಉಳಿಯುವ ಸೀಸದ ಚೂರುಗಳನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನವಾಗಿ ಬಂದ ಜಿಂಕೆ ಖೀಮಾದಲ್ಲಿ ಸೀಸ ಕಂಡು ಅದನ್ನು ಎಸೆಯಲು ಹೇಳಿದ್ದರು. ಗಾಯದ ಸುತ್ತ ಧಾರಾಳವಾಗಿ ಕೊಯ್ದು ಬಿಸಾಡು, ಜಿಪುಣತನ ಬೇಡ. ಕ್ಯಾಲಿಫೋರ್ನಿಯಾದ ಗೆಳೆಯ ಕರೆದರೆ ಈ ತೋಟೆಗಳನ್ನು ಒಯ್ಯಬೇಡ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಬಾರ್ನ್ಸ್‌ನವರದ್ದರಂಥ ಅಪ್ಪಟ ತಾಮ್ರದ ಗುಂಡೇ ಬೇಕು.

ಒಂದೇ ಲಾಟಿನ ಮೂರು ಡಬ್ಬಿ ತೋಟೆ ಕೊಂಡುಕೋ. ಎರಡು ರೇಂಜಿನಲ್ಲಿ ಖಾಲಿಯಾಗಲಿ. ಹಳೆಯ ತೋಟೆಗೆ ಕೂಡಿಸಿದ ಗುರಿ ಇದಕ್ಕೆ ಕೂಡುವುದಿಲ್ಲ, ಮತ್ತೆ ಕೂಡಿಸಬೇಕು. ಕುಳಿತು ಹೊಡೆ, ಮೊಣಕಾಲೂರಿ ಹೊಡೆ, ಏದುಸಿರು ಬಿಡುತ್ತಾ ಹೊಡೆ. ಶನಿವಾರ ಬೆಳಿಗ್ಗೆ ನಾನೂ ಬರುತ್ತೇನೆ, ನಶ್ಯದ ಡಬ್ಬಿ ತರುತ್ತೇನೆ. ಆ ಸಿಪ್ಪೆಯನ್ನು ಒಮ್ಮೆ ನಿನ್ನ ಅಂಗೈಯಲ್ಲಿಟ್ಟು ನೋಡು.