ಮುಕ್ತ ತಂತ್ರಾಂಶದ ಪರವಾನಗಿ, ಕೋಡ್‌ನ ಒಡೆತನ, ಬಾಕಿ ಹಣದ ವಸೂಲಿ: ಸ್ವತಂತ್ರ ವೆಬ್ ಡೆವಲಪರ್‌ಗಳಿಗೆ ಕಾನೂನು ಅರಿವು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕಬಿನಿ ಹಿನ್ನೀರಿನ ಹೋಂಸ್ಟೇಗಳು, ಅಕ್ಕಿ ಗಿರಣಿಗಳು, ತಂಬಾಕು ಬೆಳೆಗಾರರ ಸಂಘಗಳು, ಖಾಸಗಿ ಶಾಲೆಗಳು ಇವೇ ಮುಂತಾದವುಗಳಿಗೆ ಜಾಲತಾಣ ಮಾಡಿಕೊಡುವ ಸ್ವತಂತ್ರ ಡೆವಲಪರ್, ಅಂದರೆ ಯಾರ ಸಂಬಳದ ನೌಕರನೂ ಆಗಿರದೆ ಕೆಲಸಕ್ಕೆ ಇಷ್ಟೆಂದು ಹಣ ಪಡೆಯುವ ವೃತ್ತಿಗಾರನು, ಬಳಸುವ ಸಾಧನಗಳು ಬಹುಪಾಲು ಲಿನಕ್ಸ್, ಪಿಎಚ್‌ಪಿ, ಮರಿಯಾಡಿಬಿ, ವರ್ಡ್‌ಪ್ರೆಸ್‌ನಂತಹ ಸ್ವತಂತ್ರ ಹಾಗೂ ಮುಕ್ತ ತಂತ್ರಾಂಶಗಳೇ ಆಗಿರುತ್ತವೆ. ಇವುಗಳಿಗೆ ಹಣ ಕೊಡಬೇಕಿಲ್ಲವಾದ್ದರಿಂದ ಇವುಗಳಿಗೆ ಒಡೆಯರೂ ಇಲ್ಲ, ಷರತ್ತುಗಳೂ ಇಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಆಧಾರವಿಲ್ಲ.

ಹಕ್ಕುಸ್ವಾಮ್ಯ ಕಾಯ್ದೆ, 1957ರ ಕಲಂ 2 ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. ಹಾಗಾಗಿ ಅದನ್ನು ನಕಲಿಸುವ, ಮಾರ್ಪಡಿಸುವ, ಹಂಚುವ ಹಕ್ಕು ಕಲಂ 14ರ ಪ್ರಕಾರ ಹಕ್ಕುಸ್ವಾಮ್ಯದ ಒಡೆಯನಿಗೆ ಮಾತ್ರ ಸೇರಿದ್ದು, ಉಳಿದವರಿಗೆ ಆ ಹಕ್ಕು ದೊರೆಯುವುದು ಅವನು ಕಲಂ 30ರ ಅಡಿಯಲ್ಲಿ ಬರಹದಲ್ಲಿ ಕೊಡುವ ಅನುಮತಿಯಿಂದ, ಅಂದರೆ ಪರವಾನಗಿಯಿಂದ. ಮುಕ್ತ ತಂತ್ರಾಂಶದ ಜೊತೆಗೆ ಬರುವ ‘ಲೈಸೆನ್ಸ್’ ಎಂಬ ಕಡತವು ಇಂತಹ ಅನುಮತಿಯೇ ಆಗಿದ್ದು, ಅದರ ಷರತ್ತು ಮುರಿದವನ ಅನುಮತಿ ಬಿದ್ದುಹೋದರೆ ಅವನು ಸಾಮಾನ್ಯ ಉಲ್ಲಂಘನೆಗಾರನ ಸ್ಥಾನದಲ್ಲಿ ನಿಲ್ಲುತ್ತಾನೆ. ಆಟಿಕೆ ರೈಲುಗಳನ್ನು ನಿಯಂತ್ರಿಸುವ ಒಂದು ಮುಕ್ತ ತಂತ್ರಾಂಶದ ಕುರಿತ ಜೇಕಬ್ಸೆನ್ ವಿರುದ್ಧ ಕಾಟ್ಜರ್ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯವು 2008ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಆ ತೀರ್ಪು ಭಾರತದ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲವಾದರೂ, ಉಚಿತವಾಗಿ ಕೊಟ್ಟದ್ದಕ್ಕೂ ಷರತ್ತು ಹಾಕಬಹುದು ಎಂಬ ಅದರ ತರ್ಕ ಇಲ್ಲಿಯ ಕಾಯ್ದೆಗೂ ಹೊಂದುತ್ತದೆ.

ಪರವಾನಗಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಮೊದಲಾದ ಸಡಿಲ ಪರವಾನಗಿಗಳು ಕೋಡನ್ನು ಯಾವ ಉತ್ಪನ್ನದಲ್ಲಾದರೂ, ಮುಚ್ಚಿಟ್ಟ ಉತ್ಪನ್ನದಲ್ಲಿಯೂ, ಸೇರಿಸಲು ಬಿಡುತ್ತವೆ. ಮೂಲ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಉಳಿಸಿಕೊಳ್ಳಬೇಕೆಂಬುದು ಅವುಗಳ ಪ್ರಮುಖ ಷರತ್ತು. ಜಾವಾಸ್ಕ್ರಿಪ್ಟ್ ಕಡತಗಳನ್ನು ಕುಗ್ಗಿಸುವಾಗ ಮೇಲಿನ ಟಿಪ್ಪಣಿಯನ್ನು ಅಳಿಸಿಬಿಡುವ ಅಭ್ಯಾಸದಿಂದ ಈ ಸರಳ ಷರತ್ತೂ ದಿನನಿತ್ಯ ಮುರಿದುಬೀಳುತ್ತದೆ. ಎರಡನೆಯ ಬಗೆಯದು ಜಿಪಿಎಲ್. ಇದರ ಎರಡನೆಯ ಆವೃತ್ತಿ 1991ರಲ್ಲಿ, ಮೂರನೆಯದು 2007ರಲ್ಲಿ ಹೊರಬಂದವು. ಜಿಪಿಎಲ್ ಕೋಡನ್ನಾಗಲಿ ಅದರಿಂದ ಹುಟ್ಟಿದ ಕೋಡನ್ನಾಗಲಿ ಇನ್ನೊಬ್ಬರಿಗೆ ಹಂಚುವವನು ಅದೇ ಪರವಾನಗಿಯಲ್ಲಿ, ಓದಿ ತಿದ್ದಲು ಬರುವ ಮೂಲ ಕೋಡ್ ಸಹಿತ ಹಂಚಬೇಕು.

ಸ್ವತಂತ್ರ ಡೆವಲಪರ್‌ಗೆ ಹೆಚ್ಚು ಗೊಂದಲವಾಗುವುದು ಈ ಎರಡನೆಯ ಬಗೆಯಲ್ಲಿಯೇ ಆದ್ದರಿಂದ ಅದನ್ನು ಬಿಡಿಸಿ ನೋಡುವುದು ಅಗತ್ಯ. ಜಿಪಿಎಲ್ ಹಣ ಪಡೆಯುವುದನ್ನು ನಿಷೇಧಿಸುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ಕಟ್ಟಿಕೊಟ್ಟವನು ತನ್ನ ಶ್ರಮಕ್ಕೆ ಎಷ್ಟು ದರವನ್ನಾದರೂ ಹೇಳಬಹುದು. ಮಾರ್ಪಾಡುಗಳನ್ನು ಇಡೀ ಜಗತ್ತಿಗೆ ಪ್ರಕಟಿಸಬೇಕೆಂದೂ ಅದು ಹೇಳುವುದಿಲ್ಲ. ಡೆವಲಪರ್ ಜಾಲತಾಣವನ್ನು ತನ್ನದೇ ಸರ್ವರಿನಲ್ಲಿ ನಡೆಸಿ ಸೇವೆಯನ್ನಷ್ಟೇ ಒದಗಿಸಿದರೆ ಸರ್ವರಿನೊಳಗಿನ ಕೋಡ್ ಹಂಚಿಕೆಯಾಗುವುದಿಲ್ಲ. ಗ್ರಾಹಕನ ಹೋಸ್ಟಿಂಗ್ ಖಾತೆಗೆ ಹಾಕಿ ಒಪ್ಪಿಸಿದಾಗ ಅದನ್ನು ಹಂಚಿಕೆ ಎಂದೇ ಎಣಿಸುವುದು ಕ್ಷೇಮ, ಆಗ ಆ ಗ್ರಾಹಕನಿಗೆ ಮೂಲ ಕೋಡ್ ಪಡೆಯುವ, ತಿದ್ದುವ, ಬೇರೊಬ್ಬರಿಗೆ ಕೊಡುವ ಹಕ್ಕೂ ಒಟ್ಟಿಗೇ ಸಲ್ಲುತ್ತದೆ. ಎಜಿಪಿಎಲ್ ಎಂಬ ಇನ್ನೂ ಬಿಗಿಯಾದ ಪರವಾನಗಿಯಲ್ಲಿ ಮಾತ್ರ, ಮಾರ್ಪಡಿಸಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಮೂಲ ಕೋಡ್ ಒದಗಿಸಬೇಕಾಗುತ್ತದೆ. ಪುಟದ ಅಡಿಯಲ್ಲಿ ‘ವರ್ಡ್‌ಪ್ರೆಸ್‌ನಿಂದ ನಿರ್ಮಿತ’ ಎಂಬ ಸಾಲು ಇರಲೇಬೇಕೆಂಬುದು ತಪ್ಪು ತಿಳಿವಳಿಕೆ. ಆದರೆ ವರ್ಡ್‌ಪ್ರೆಸ್ ಎಂಬ ಹೆಸರು ವ್ಯಾಪಾರ ಚಿಹ್ನೆಯಾಗಿದ್ದು, ಅದನ್ನು ಸ್ವಂತ ಡೊಮೈನ್ ಹೆಸರಿನೊಳಗೆ ಸೇರಿಸಿಕೊಳ್ಳಲು ವರ್ಡ್‌ಪ್ರೆಸ್ ಫೌಂಡೇಶನ್‌ನ ನೀತಿ ಒಪ್ಪುವುದಿಲ್ಲ.

ಕನ್ನಡದ ಜಾಲತಾಣವೆಂದ ಮೇಲೆ ಫಾಂಟಿನ ಪ್ರಶ್ನೆಯೂ ಬರುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದವು ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿವೆ. ಅವುಗಳನ್ನು ವಾಣಿಜ್ಯ ಜಾಲತಾಣದಲ್ಲಿಯೂ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದ ಫಾಂಟನ್ನು ಅನುಮತಿ ನೋಡದೆ ಸರ್ವರಿಗೆ ಏರಿಸುವುದಕ್ಕಿಂತ ಇದು ಎಷ್ಟೋ ನಿಶ್ಚಿಂತೆಯ ದಾರಿ.

ದುಬಾರಿ ಥೀಮ್ ಅಥವಾ ಪ್ಲಗಿನ್‌ನ ಬೀಗ ಮುರಿದು ಹಂಚುವ ‘ನಲ್ಡ್’ ಪ್ರತಿಗಳ ವಿಷಯದಲ್ಲಿ ಕಾನೂನಿನ ಸ್ಥಿತಿ ಜನ ಭಾವಿಸುವಷ್ಟು ಸರಳವಲ್ಲ. ಪೂರ್ತಿಯಾಗಿ ಜಿಪಿಎಲ್ ಅಡಿಯಲ್ಲಿರುವ ಪ್ಲಗಿನ್ ಅನ್ನು ನಕಲಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲ, ಅಂತಹ ಪ್ರತಿಗಳಲ್ಲಿ ಕುತಂತ್ರಾಂಶ ಅಡಗಿರುವ ಅಪಾಯ ಬೇರೆ ಮಾತು. ಆದರೆ ಅನೇಕ ಥೀಮ್‌ಗಳಲ್ಲಿ ಪಿಎಚ್‌ಪಿ ಭಾಗ ಮಾತ್ರ ಜಿಪಿಎಲ್‌ನಲ್ಲಿದ್ದು, ಚಿತ್ರ ಮತ್ತು ವಿನ್ಯಾಸದ ಕಡತಗಳು ಪ್ರತ್ಯೇಕ ಪರವಾನಗಿಗೆ ಒಳಪಟ್ಟಿರುತ್ತವೆ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಬಳಸುವವನಿಗೆ ಕಲಂ 63ಬಿ 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸವನ್ನೂ 50,000 ರೂಪಾಯಿಯಿಂದ 2 ಲಕ್ಷ ರೂಪಾಯಿಯವರೆಗಿನ ದಂಡವನ್ನೂ ವಿಧಿಸುತ್ತದೆ. ಹಕ್ಕುಸ್ವಾಮ್ಯದ ಉಲ್ಲಂಘನೆಯನ್ನು ಶಿಕ್ಷಿಸುವ ಕಲಂ 63ರ ಅಪರಾಧವು ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದಾದದ್ದು, ಮತ್ತು ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ನಿಟ್‌ಪ್ರೊ ಪ್ರಕರಣದಲ್ಲಿ ಹೇಳಿದೆ.

ಕಾಯ್ದೆಯು ಆರೋಪಕ್ಕೆ ಒಳಗಾದವನಿಗೂ ರಕ್ಷಣೆ ಕೊಟ್ಟಿದೆ. ಕಲಂ 64ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಪೊಲೀಸರು ಉಲ್ಲಂಘನೆಯ ಪ್ರತಿಗಳನ್ನು ವಶಪಡಿಸಿಕೊಳ್ಳುವಂತಿಲ್ಲ; ವಶಪಡಿಸಿಕೊಂಡ 15 ದಿನಗಳೊಳಗೆ ಅವುಗಳನ್ನು ಹಿಂದಿರುಗಿಸುವಂತೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರಂತೆ ಶೋಧ ಮತ್ತು ವಶದ ಕಾರ್ಯವನ್ನು ಧ್ವನಿ ಸಹಿತ ಚಿತ್ರೀಕರಿಸಬೇಕು. ಆಧಾರವಿಲ್ಲದೆ ದಾವೆಯ ಬೆದರಿಕೆ ಒಡ್ಡುವ ನೋಟಿಸುಗಳಿಗೆ ಎದುರಾಗಿ, ಉಲ್ಲಂಘನೆ ನಡೆದಿಲ್ಲವೆಂಬ ಘೋಷಣೆಯನ್ನೂ ಬೆದರಿಕೆ ನಿಲ್ಲಿಸುವ ತಡೆಯಾಜ್ಞೆಯನ್ನೂ ಕೋರಿ ದಾವೆ ಹೂಡಲು ಹಕ್ಕುಸ್ವಾಮ್ಯ ಕಾಯ್ದೆಯ ಕಲಂ 60 ಅವಕಾಶ ಮಾಡಿದೆ. ಬಳಸಿದ ಪ್ರತಿಯೊಂದು ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿ, ಇಳಿಸಿಕೊಂಡ ತಾಣ ಇವನ್ನು ಬರೆದಿಟ್ಟ ಒಂದು ಪಟ್ಟಿಯು ಇಂತಹ ಸಂದರ್ಭದಲ್ಲಿ ಉತ್ತಮ ಸಾಕ್ಷ್ಯವಾಗುತ್ತದೆ.

ಗ್ರಾಹಕನ ಜೊತೆಗಿನ ಸಂಬಂಧದಲ್ಲಿ ಮೊದಲು ತಿಳಿಯಬೇಕಾದದ್ದು ಕಲಂ 17. ನೌಕರನು ಉದ್ಯೋಗದ ಭಾಗವಾಗಿ ಬರೆದ ಕೋಡ್ ಮಾಲೀಕನಿಗೆ ಸೇರುತ್ತದೆ, ಸ್ವತಂತ್ರ ವೃತ್ತಿಗಾರನು ಬರೆದದ್ದು, ಹಣ ಪಡೆದು ಬರೆದಿದ್ದರೂ, ಬೇರೆ ಕರಾರಿಲ್ಲದಿದ್ದರೆ ಅವನದಾಗಿಯೇ ಉಳಿಯುತ್ತದೆ. ವಿಚಿತ್ರವೆನಿಸಿದರೂ ನಿಜವಾದ ಸಂಗತಿಯೆಂದರೆ, ಹೋಂಸ್ಟೇಯವರ ಕೋರಿಕೆಯ ಮೇಲೆ ಹಣಕ್ಕೆ ತೆಗೆದ ಛಾಯಾಚಿತ್ರಗಳು ಅದೇ ಕಲಮಿನಂತೆ ಹೋಂಸ್ಟೇಯವರಿಗೆ ಸೇರುತ್ತವೆ. ಒಂದೇ ಜಾಲತಾಣದ ಎರಡು ಭಾಗಗಳಿಗೆ ಹೀಗೆ ಇಬ್ಬರು ಒಡೆಯರಾಗಬಹುದು. ಕೋಡ್‌ನ ಹಕ್ಕನ್ನು ಗ್ರಾಹಕನಿಗೆ ವಹಿಸಬೇಕಾದರೆ ಕಲಂ 19ರಂತೆ ಸಹಿ ಮಾಡಿದ ಬರಹ ಬೇಕು, ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಕಾನೂನು ಭಾವಿಸುತ್ತದೆ.

‘ಸಂಪೂರ್ಣ ಜಾಲತಾಣದ ಏಕಮಾತ್ರ ಹಕ್ಕು ಗ್ರಾಹಕರದು’ ಎಂಬ ವಾಕ್ಯವನ್ನು ಓದದೆ ಒಪ್ಪಿ ಸಹಿ ಹಾಕುವುದು ಈ ವೃತ್ತಿಯಲ್ಲಿ ನಡೆಯುವ ದೊಡ್ಡ ಪ್ರಮಾದ, ಏಕೆಂದರೆ ವರ್ಡ್‌ಪ್ರೆಸ್‌ನ ಹಕ್ಕು ಡೆವಲಪರನಲ್ಲಿ ಎಂದೂ ಇರಲಿಲ್ಲ, ಇಲ್ಲದ ಹಕ್ಕನ್ನು ಅವನು ಕೊಡಲಾರ. ಥೀಮ್ ಹಾಗೂ ಪ್ಲಗಿನ್‌ಗಳ ಪಿಎಚ್‌ಪಿ ಕೋಡ್ ಕೂಡ ಜಿಪಿಎಲ್‌ಗೆ ಒಳಪಡುತ್ತದೆ ಎಂಬುದು ವರ್ಡ್‌ಪ್ರೆಸ್ ಯೋಜನೆಯ ನಿಲುವಾಗಿರುವುದರಿಂದ, ‘ಮೂರನೆಯವರ ಮುಕ್ತ ತಂತ್ರಾಂಶಗಳು ತಂತಮ್ಮ ಪರವಾನಗಿಗೆ ಒಳಪಟ್ಟಿರುತ್ತವೆ, ಅವುಗಳ ಪಟ್ಟಿಯನ್ನು ಅನುಬಂಧದಲ್ಲಿ ಕೊಟ್ಟಿದೆ, ಡೆವಲಪರ್ ಹೊಸದಾಗಿ ಬರೆದ ಭಾಗದ ಹಕ್ಕು ಪೂರ್ಣ ಹಣ ಸಂದಾಯವಾದ ದಿನ ಗ್ರಾಹಕರಿಗೆ ವರ್ಗವಾಗುತ್ತದೆ, ಜಿಪಿಎಲ್ ಅನ್ವಯಿಸುವಲ್ಲಿ ಅದಕ್ಕೆ ಒಳಪಟ್ಟು’ ಎಂಬ ಅರ್ಥದ ಷರತ್ತನ್ನು ಕರಾರಿನಲ್ಲಿ ಸೇರಿಸುವುದು ಸೂಕ್ತ. ಮುಕ್ತ ಪರವಾನಗಿಗಳು ಯಾವ ಖಾತರಿಯನ್ನೂ ಕೊಡುವುದಿಲ್ಲ, ಆದರೆ ಆ ನಿರಾಕರಣೆ ಇರುವುದು ಮೂಲ ಲೇಖಕರ ಪರವಾಗಿ. ಡೆವಲಪರ್ ತಾನೇ ಕೊಟ್ಟ ಭರವಸೆ ಮುರಿದರೆ ಭಾರತೀಯ ಕರಾರು ಕಾಯ್ದೆ, 1872ರ ಕಲಂ 73ರಂತೆ ನಷ್ಟ ತುಂಬಿಕೊಡುವ ಹೊಣೆ ಅವನದೇ. ಇಮೇಲ್ ಮೂಲಕ ಆದ ಕರಾರಿಗೂ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 10ಎ ಮಾನ್ಯತೆ ನೀಡಿದೆ. ಡಿಪ್ಲೊಮಾ ಓದುತ್ತಿರುವಾಗಲೇ ಕೆಲಸ ಹಿಡಿಯುವವರು ಗಮನಿಸಬೇಕಾದದ್ದು, 18 ವರ್ಷ ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ.

ಕೆಲಸ ಮುಗಿದ ಮೇಲೆ ಹಣ ಬಾರದಿದ್ದಾಗ ಪಾಸ್‌ವರ್ಡ್ ಬದಲಾಯಿಸಿ ಗ್ರಾಹಕನ ಜಾಲತಾಣವನ್ನು ನಿಲ್ಲಿಸುವ ಉಪಾಯ ಎಷ್ಟೇ ಆಕರ್ಷಕವಾಗಿ ಕಂಡರೂ ಕೂಡದು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರ್ ವ್ಯವಸ್ಥೆಗೆ ಪ್ರವೇಶ ತಡೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43ರ ವ್ಯಾಪ್ತಿಗೆ ಬರುತ್ತದೆ, ಅಪ್ರಾಮಾಣಿಕವಾಗಿ ಮಾಡಿದರೆ ಕಲಂ 66ರಂತೆ 3 ವರ್ಷದವರೆಗೆ ಸೆರೆವಾಸವೂ ಆಗಬಹುದು. ಇದಕ್ಕೆ ಬದಲಾಗಿ, ಕೆಲಸ ಹಿಡಿಯುವ ಮೊದಲೇ ಉದ್ಯಮ್ ಪೋರ್ಟಲ್‌ನಲ್ಲಿ ಅತಿಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡಿರುವುದು ಮೇಲು. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ. ಹಾಗೆ ನೋಂದಾಯಿತನಾದವನಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಕಲಂ 15ರಂತೆ ಕರಾರಿನ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ, ಕರಾರಿಲ್ಲದಿದ್ದರೆ 15 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ, ಮತ್ತು ದೂರನ್ನು ಕಲಂ 18ರ ಅಡಿಯಲ್ಲಿ ಸೌಲಭ್ಯ ಮಂಡಳಿಗೆ ಒಯ್ಯಬಹುದು. ನೋಂದಣಿಯಿಲ್ಲದವರಿಗೆ ಸಿವಿಲ್ ನ್ಯಾಯಾಲಯದ ದಾರಿ ಇದ್ದೇ ಇದೆ. ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ 3 ವರ್ಷ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಲಗತ್ತಿಸಬೇಕು.

ವಕೀಲರ ಶುಲ್ಕಕ್ಕೆ ಹೆದರಿ ಬಾಕಿಯನ್ನೇ ಕೈಬಿಡುವವರು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಕಲಂ 12ರ ಪ್ರಕಾರ ಮಹಿಳೆಯರಿಗೂ, ಅಂಗವಿಕಲರಿಗೂ, ಪರಿಶಿಷ್ಟ ಜಾತಿ ಹಾಗೂ ಪಂಗಡಗಳವರಿಗೂ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಲ್ಲುತ್ತದೆ, ಎಚ್.ಡಿ. ಕೋಟೆ ಮತ್ತು ಹುಣಸೂರಿನ ಹಾಡಿಗಳಿಂದ ಓದಿ ಬಂದ ಜೇನುಕುರುಬ ಯುವಕ ಯುವತಿಯರಿಗೆ ಈ ಹಕ್ಕು ನೇರವಾಗಿ ಅನ್ವಯಿಸುತ್ತದೆ. ದಾವೆ ಹೂಡುವ ಮೊದಲೇ ಪ್ರಕರಣವನ್ನು ಲೋಕ ಅದಾಲತ್‌ಗೆ ಒಯ್ಯಬಹುದು. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.