ವೀರಸೌಧದ ಮುಂದೆ

ಹಾವೇರಿಯ ವೀರಸೌಧಕ್ಕೆ ಬಂದವರು ಮೈಲಾರ ಮಹಾದೇವಪ್ಪನವರನ್ನೂ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೊಡನೆ ಗುಂಡಿಗೆ ಬಲಿಯಾದ ಇನ್ನಿಬ್ಬರು ವೀರರನ್ನೂ ನೆನೆಯುತ್ತಾರೆ. ಮಹಾದೇವಪ್ಪನವರ ಪತ್ನಿ ಸಿದ್ದಮ್ಮನವರನ್ನು ನೆನೆಯುವವರು ವಿರಳ. 1930ರ ದಂಡಿಯಾತ್ರೆಯಲ್ಲಿ ಪತಿ ಗಾಂಧೀಜಿಯವರೊಡನೆ ನಡೆದರು. ಸ್ತ್ರೀಯರಿಗೆ ಆ ಯಾತ್ರೆಯಲ್ಲಿ ಅವಕಾಶವಿರಲಿಲ್ಲ. ಆದರೂ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಈ ಸೊಸೆ ಸಾಬರಮತಿ ಆಶ್ರಮವನ್ನು ಸೇರಿ, ಚಳವಳಿಗಿಳಿದು ಸೆರೆವಾಸವನ್ನು ಅನುಭವಿಸಿದರು.

ಸೆರೆಮನೆಯ ಬಾಗಿಲು ಹೆಣ್ಣಿಗೆ ಹೀಗೆ ತೆರೆದಿದ್ದ ಕಾಲದಲ್ಲಿ ಮತಗಟ್ಟೆಯ ಬಾಗಿಲು ಪೂರ್ತಿ ತೆರೆದಿರಲಿಲ್ಲ. 1917ರಲ್ಲಿ ಸರೋಜಿನಿ ನಾಯಿಡು ಅವರ ನೇತೃತ್ವದ ನಿಯೋಗವೊಂದು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರಲ್ಲಿ ಸ್ತ್ರೀಯರಿಗೆ ಮತಾಧಿಕಾರವನ್ನು ಕೇಳಿತು. ಈ ಸೀಮೆಯು ಅಂದು ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆ 1921ರಲ್ಲಿ ಅದನ್ನು ಒಪ್ಪಿತು; ಆದರೆ ಆಸ್ತಿಯುಳ್ಳವರಿಗೆ ಮಾತ್ರ. ಹೊಲಮನೆಗಳೆಲ್ಲ ಗಂಡಸರ ಹೆಸರಿನಲ್ಲಿದ್ದಾಗ ಇದರಿಂದ ಎಷ್ಟು ಮಂದಿಗೆ ಫಲ ದೊರೆತೀತು? 1935ರ ಶಾಸನವು ಅಕ್ಷರಸ್ಥೆಯರನ್ನೂ ಆಸ್ತಿವಂತರ ಪತ್ನಿಯರನ್ನೂ ಸೇರಿಸಿಕೊಂಡಿತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ, ರಾಣೆಬೆನ್ನೂರಿನ ಹೊಲಗಳಲ್ಲಿ ಹತ್ತಿ ಬಿಡಿಸುವ ಕೂಲಿಯ ಹೆಂಗಸರು ಹೊರಗೇ ಉಳಿದರು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಭೇದವನ್ನು ತೊಡೆದುಹಾಕಿ, 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತವನ್ನು ನೀಡಿತು. (ಈ ವಯೋಮಿತಿ 18ಕ್ಕೆ ಇಳಿದದ್ದು 1989ರಲ್ಲಿ.) ಆದರೂ ಮೊದಲ ಮಹಾಚುನಾವಣೆಯ ಪಟ್ಟಿ ಸಿದ್ಧವಾಗುವಾಗ ಉತ್ತರ ಭಾರತದ ಹಲವೆಡೆ ಹೆಂಗಸರು ಪರರಿಗೆ ತಮ್ಮ ಹೆಸರು ಹೇಳಲು ಸಂಕೋಚಪಟ್ಟು, ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಯಿಸಿದ್ದರು. ಚುನಾವಣಾ ಆಯೋಗವು ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರನ್ನೇ ಕೇಳಿತು. ಹೇಳದೆ ಉಳಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು.