ಕಾಣದ ಹುಲಿಯ ಲೆಕ್ಕ

ಪ್ರೀತಿಯ ಮಗಳೇ,

ಎಂ.ಎಸ್ಸಿ. ಮುಗಿಯಿತು, ಇನ್ನು ಹುಲಿಯ ಮೇಲೆ ಸಂಶೋಧನೆ ಮಾಡುತ್ತೇನೆ ಎಂದು ಬರೆದಿದ್ದೀಯ. ಎಷ್ಟು ಪ್ರಬಂಧ ಪ್ರಕಟವಾದರೆ ಹೆಸರು ಬರುತ್ತದೆ ಎಂದೂ ಕೇಳಿದ್ದೀಯ. ಈಚೆಗೆ ಹೀಗೆ ಕೇಳುವ ಹುಡುಗ ಹುಡುಗಿಯರು ಬಹಳ. ಅದಕ್ಕೇ ಈ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ನಾನೊಮ್ಮೆ ಹುಲಿಗಣತಿಗೆ ಹೋಗಿದ್ದೆ. ಕಾಡುದಾರಿಯಲ್ಲಿ ಹೆಜ್ಜೆ ಕಂಡರೆ ಅದರ ಮೇಲೆ ಗಾಜು ಹಿಡಿದು, ಅಂಚನ್ನು ಪೆನ್ನಿನಲ್ಲಿ ಬಿಡಿಸಿ, ಕಾಗದಕ್ಕೆ ಇಳಿಸುವುದು ಕೆಲಸ. ಒಂದು ಬೆಳಿಗ್ಗೆ ಹುಲಿಯೊಂದು ಗಟ್ಟಿ ದಾರಿಯಿಂದ ಹಳ್ಳದ ಹಸಿ ಮರಳಿಗೆ ಇಳಿದುಹೋಗಿತ್ತು. ದಾರಿಯ ತೆಳು ಧೂಳಿನಲ್ಲಿ ಹೆಜ್ಜೆ ಚಿಕ್ಕದು. ಮರಳಿನಲ್ಲಿ ಬೆರಳು ಹರಡಿಕೊಂಡು ದೊಡ್ಡದು. ಸಂಜೆ ಪಟ್ಟಿ ನೋಡಿದರೆ ಒಂದು ಹುಲಿ ಎರಡಾಗಿತ್ತು. ಹಿರಿಯರ ಮುಂದೆ ಬಾಯಿ ಬಿಡಲು ನನಗೆ ಧೈರ್ಯ ಸಾಲಲಿಲ್ಲ.

ಹೆಜ್ಜೆಯ ಲೆಕ್ಕವನ್ನು ನಂಬುವಂತಿಲ್ಲ ಎಂಬ ಆ ಮಾತನ್ನು ದೇಶಕ್ಕೇ ಕೇಳುವಂತೆ ಹೇಳಿದವರು ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿ, ಬೇಸಾಯವನ್ನೂ ಮಾಡಿ, ಮೂವತ್ತು ದಾಟಿದ ಮೇಲೆ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ವನ್ಯಜೀವಿ ವಿಜ್ಞಾನ ಕಲಿಯಲು ಹೋದವರು. ಡಾಕ್ಟರೇಟ್ ನಮ್ಮ ಮಂಗಳೂರು ವಿಶ್ವವಿದ್ಯಾಲಯದ್ದು. ಅವರೇ ಅಷ್ಟು ತಡವಾಗಿ ಶುರುಮಾಡಿರುವಾಗ, ಒಂದೆರಡು ವರ್ಷ ತಡವಾದರೆ ನೀನು ಕೊರಗುವುದು ಬೇಡ.

ಅವರು ನಾಗರಹೊಳೆಯಲ್ಲಿ ಮಾಡಿದ್ದನ್ನು ನಿಧಾನವಾಗಿ ಓದಿಕೋ. ಹುಲಿಯ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ. ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೂ ಹೊಂದುವುದಿಲ್ಲ. ಅದಕ್ಕೇ ದಾರಿಯ ಆಚೀಚೆ ಎರಡು ಕ್ಯಾಮೆರಾ ಕಟ್ಟುತ್ತಾರೆ. ಮೊದಲ ಸುತ್ತಿನಲ್ಲಿ 10 ಹುಲಿ ಚಿತ್ರಕ್ಕೆ ಸಿಕ್ಕವು, ಎರಡನೇ ಸುತ್ತಿನ 10ರಲ್ಲಿ 5 ಹಳೆಯವೇ ಎಂದುಕೋ. ಅಂದರೆ ಇದ್ದವುಗಳಲ್ಲಿ ಅರ್ಧದಷ್ಟೇ ಒಂದು ಸುತ್ತಿಗೆ ಸಿಗುತ್ತಿವೆ. ಒಟ್ಟು 20ರ ಸುಮಾರು ಇರಬೇಕು. ನಿಜವಾದ ಲೆಕ್ಕ ಇದಕ್ಕಿಂತ ತೊಡಕಿನದು, ತಿರುಳು ಮಾತ್ರ ಇದೇ. ಕಣ್ಣಿಗೆ ಬಿದ್ದದ್ದನ್ನು ಯಾರಾದರೂ ಎಣಿಸುತ್ತಾರೆ. ಬೀಳದೆ ಉಳಿದದ್ದು ಎಷ್ಟು, ಆ ಅಂದಾಜು ಎಷ್ಟು ತಪ್ಪಿರಬಹುದು ಎಂದು ಹೇಳುವುದೇ ವಿಜ್ಞಾನ.

ಈ ವಿಧಾನದ ಪ್ರಬಂಧ ಬಂದದ್ದು 1995ರಲ್ಲಿ. ವಿಜ್ಞಾನಿ ಜೇಮ್ಸ್ ನಿಕೋಲ್ಸ್ ಜೊತೆ ಬರೆದದ್ದು 1998ರಲ್ಲಿ. ಆದರೂ ಹೆಜ್ಜೆ ಎಣಿಕೆಯೇ ಮುಂದುವರಿಯಿತು. 2005ರಲ್ಲಿ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು ಬಯಲಾಯಿತು, ಕಡತದಲ್ಲಿ ಮಾತ್ರ ಇದ್ದವು. ಆಮೇಲಷ್ಟೇ ಸರ್ಕಾರ ಗಾಜು ಕೆಳಗಿಟ್ಟಿತು. ಹೊಸ ರಾಷ್ಟ್ರೀಯ ಗಣತಿಯ ಲೆಕ್ಕವನ್ನೂ ಕಾರಂತರು ಒಪ್ಪಿ ಸುಮ್ಮನಾಗಲಿಲ್ಲ, ಅದರ ಲೋಪಗಳನ್ನೂ ಬರೆದರು. ಪದ್ಮಶ್ರೀ ಬಂದದ್ದು 2012ರಲ್ಲಿ. ನೀನು ಕೇಳಿದ ಹೆಸರು ಹೀಗೆ ಬರುತ್ತದೆ, ಹಗೆಯನ್ನೂ ಜೊತೆಗೇ ಕರೆದುಕೊಂಡು.

ಅವರ ಇನ್ನೊಂದು ಪ್ರಬಂಧ 2006ರದ್ದು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ ಗುರುತು ಹಿಡಿದ 74 ಹುಲಿಗಳ ಕತೆ ಅದು. ಪ್ರತಿ ವರ್ಷ ಕಾಲು ಭಾಗಕ್ಕೆ ಹತ್ತಿರ ಹುಲಿಗಳು ಇಲ್ಲವಾಗುತ್ತಿದ್ದವು, ಕೆಲವು ಸತ್ತು, ಕೆಲವು ಜಾಗ ಬಿಟ್ಟು. ಆದರೂ ಸಂತತಿ ಕುಸಿಯಲಿಲ್ಲ. ಕಾವಲಿತ್ತು, ಬಲಿಪ್ರಾಣಿಗಳಿದ್ದವು, ಮರಿಗಳು ಹುಟ್ಟುತ್ತಿದ್ದವು. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಆ ಪ್ರಾಣಿಗಳು ತೀರಿಹೋಗದಿರಬೇಕಾದರೆ ಪ್ರತಿ ಹುಲಿಗೂ ಕಾಡಿನಲ್ಲಿ 500ರಷ್ಟಾದರೂ ಜಿಂಕೆ, ಕಡವೆ, ಕಾಟಿಗಳಿರಬೇಕು. ಹೆಸರಿಟ್ಟು ಸಾಕಿದಂತೆ ಪ್ರೀತಿಸಿದ ಒಂದು ಹುಲಿ ಸತ್ತಾಗ ಊರೆಲ್ಲ ಮರುಗುತ್ತದೆ. ಜಿಂಕೆಗೆ ಉರುಳು ಬಿದ್ದಾಗ ಯಾರೂ ಕೇಳುವುದಿಲ್ಲ. ಹುಲಿ ಅಳಿಯುವುದು ಆ ಉರುಳಿನಿಂದಲೂ ಹೌದು. ನೀನು ಅದನ್ನು ಕೇಳುವವಳಾಗು.

ಹಾಗಾಗಿ ಮೊದಲು ಸಂಖ್ಯಾಶಾಸ್ತ್ರ ಕಲಿ. ಗಣಿತಕ್ಕೆ ಹೆದರಿ ಕಾಡಿಗೆ ಬಂದವರು ಫೋಟೊ ತೆಗೆದು ಹಿಂದಿರುಗುತ್ತಾರೆ. ಬೆಳಿಗ್ಗೆ ಆರಕ್ಕೆ ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆದು, ಕಂಡ ಜಿಂಕೆ ಹಿಂಡಿನ ತಲೆ ಎಣಿಸಿ, ದೂರ ಅಳೆದು, ದಿಕ್ಸೂಚಿಯಲ್ಲಿ ಕೋನ ಗುರುತಿಸುವ ಕೆಲಸವನ್ನು ಕೂಲಿಯೆಂದು ಬಗೆಯಬೇಡ. ನಾನು ಮೂರು ಬೇಸಿಗೆ ನಡೆದಿದ್ದೇನೆ. ಒಂದೂ ಹುಲಿ ಕಾಣಲಿಲ್ಲ, ಒಂದು ದಿನವೂ ವ್ಯರ್ಥವಾಗಲಿಲ್ಲ. ಒಂದು ಕಾಡನ್ನು ಹಿಡಿದರೆ ಹತ್ತು ವರ್ಷ ಬಿಡಬೇಡ.

ಪ್ರಬಂಧ ಎಷ್ಟೆಂಬ ಲೆಕ್ಕ ಬೇರೆಯವರು ಇಟ್ಟುಕೊಳ್ಳಲಿ. ನಿನ್ನ ಮೊದಲನೆಯದು ಪ್ರಕಟವಾದ ದಿನ ಅದರ ಸಾರವನ್ನು ಕನ್ನಡದಲ್ಲಿ ಎರಡು ಪುಟ ಬರೆ. ನಿನ್ನ ಕ್ಯಾಮೆರಾ ಕಟ್ಟಲು ಜೊತೆಗೆ ಬಂದ ವಾಚರ್ ಕೈಗೆ ಮೊದಲ ಪ್ರತಿ ಕೊಡು, ಎರಡನೆಯದನ್ನು ನನಗೆ ಅಂಚೆಗೆ ಹಾಕು.